ಬಸ್ಸಿನ ಬಾಗಿಲಿನಿಂದ ಕಟ್ಟಡದ ಬಾಗಿಲಿನವರೆಗೆ: ಐತಿಹಾಸಿಕ ಪಟ್ಟಣದ ಫುಟ್‌ಪಾತು ಮತ್ತು ನಿಲ್ದಾಣಗಳ ಕುರಿತು

ಚರ್ಚೆ ಆರಂಭಿಸಿದವರು

ಐತಿಹಾಸಿಕ ಪಟ್ಟಣವೊಂದರ ಫುಟ್‌ಪಾತು ಮತ್ತು ಬಸ್ ನಿಲ್ದಾಣಗಳನ್ನು ಎಲ್ಲರೂ ಬಳಸುವಂತೆ ಸರಿಪಡಿಸಬೇಕೆಂಬ ಬೇಡಿಕೆ ಬಂದಾಗಲೆಲ್ಲ, ಊರು ಹಳೆಯದು, ಬೀದಿ ಇಕ್ಕಟ್ಟು, ಕಲ್ಲನ್ನು ಮುಟ್ಟುವಂತಿಲ್ಲ ಎಂಬ ಮೂರು ಉತ್ತರಗಳು ಸಿದ್ಧವಾಗಿರುತ್ತವೆ. ಬಹಳ ವರ್ಷಗಳ ಕಾಲ ನಾನೂ ಇವನ್ನು ನಂಬಿದ್ದೆ. ನನ್ನ ತಾಯಿ ವಾಕರ್ ಹಿಡಿದು ನಡೆಯಬೇಕಾಗಿ ಬಂದ ಮೇಲೆ ಅವರ ಜೊತೆ ಹಳೆಯ ಬೀದಿಯೊಂದರಲ್ಲಿ ಹೋಗುವಾಗ, ಅವರು ಎಲ್ಲೆಲ್ಲಿ ನಿಲ್ಲಬೇಕಾಯಿತು, ಎಲ್ಲೆಲ್ಲಿ ರಸ್ತೆಗೆ ಇಳಿಯಬೇಕಾಯಿತು ಎಂಬುದನ್ನು ಬರೆದುಕೊಳ್ಳತೊಡಗಿದೆ. ಬರೆದದ್ದನ್ನು ಮನೆಯಲ್ಲಿ ಕುಳಿತು ಓದಿದಾಗ ಒಂದು ವಿಷಯ ಸ್ಪಷ್ಟವಾಯಿತು. ಅವರನ್ನು ತಡೆದದ್ದು ಬಹುಪಾಲು ಹಳೆಯ ಕಲ್ಲುಗಳಲ್ಲ. ನಡೆಯುವ ದಾರಿಯ ನಡುವೆ ನೆಟ್ಟ ಕಂಬ, ಯಾವುದೋ ತಂತಿಗೆಂದು ಇಟ್ಟ ಕಬ್ಬಿಣದ ಪೆಟ್ಟಿಗೆ, ಅಗೆದು ಸರಿಯಾಗಿ ಮುಚ್ಚದ ಗುಂಡಿ, ಮೂಲೆ ಮುರಿದ ಚರಂಡಿ ಚಪ್ಪಡಿ, ಅಂಚುಗಲ್ಲಿನ ಮೇಲೇರಿಸಿ ನಿಲ್ಲಿಸಿದ ವಾಹನ, ಇವೆಲ್ಲ ನಮ್ಮ ಕಾಲದವು. ಇವನ್ನು ತೆಗೆಯಲು ಪರಂಪರೆಯ ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಇನ್ನೊಂದು ವಿಷಯ, ಬಸ್ ನಿಲ್ದಾಣವನ್ನು ಒಂದು ಇಲಾಖೆ, ಫುಟ್‌ಪಾತನ್ನು ಮತ್ತೊಂದು ಇಲಾಖೆ ನೋಡಿಕೊಳ್ಳುವುದರಿಂದ ಆಗುವ ಅನಾಹುತ. ಒಳ್ಳೆಯ ತಂಗುದಾಣವೊಂದು ನಿಂತಿರುತ್ತದೆ, ಅದಕ್ಕೆ ಹೋಗಲು ದಾರಿ ಇರುವುದಿಲ್ಲ. ವಿಶ್ವಸಂಸ್ಥೆಯ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆ 2006ರಲ್ಲಿ ಅಂಗೀಕಾರವಾಯಿತು. ಅದರ 9ನೇ ವಿಧಿ ಕಟ್ಟಡ, ರಸ್ತೆ ಮತ್ತು ಸಾರಿಗೆಗಳನ್ನು ಒಟ್ಟಿಗೇ ಹೇಳುತ್ತದೆ. ಅಂಗವಿಕಲರ ಹಕ್ಕುಗಳಿಗಾಗಿ ಬಂದ ಅಮೆರಿಕದ 1990ರ ಕಾನೂನೂ ಭಾರತದ 2016ರ ಕಾನೂನೂ ಈ ಮೂರನ್ನೂ ಒಳಗೊಂಡಿವೆ. ಅವುಗಳನ್ನು ಬೇರ್ಪಡಿಸಿದವರು ನಾವು.

ಆದ್ದರಿಂದ ನನ್ನ ಸಲಹೆ ಇಷ್ಟು. ಊರಿನ ತುಂಬ ಅಲ್ಲೊಂದು ಇಲ್ಲೊಂದು ಇಳಿಜಾರು ಕಟ್ಟುವುದನ್ನು ನಿಲ್ಲಿಸಿ, ಒಂದು ನಿಲ್ದಾಣದಲ್ಲಿ ಬಸ್ಸಿನ ಬಾಗಿಲಿನಿಂದ ಹೊರಟು ಜನ ದಿನವೂ ಹೋಗಬೇಕಾದ ಒಂದು ಕಟ್ಟಡದ ಬಾಗಿಲಿನವರೆಗೆ, ಅದು ಆಸ್ಪತ್ರೆಯಾಗಿರಬಹುದು ಅಥವಾ ಗ್ರಂಥಾಲಯವಾಗಿರಬಹುದು, ಒಂದೇ ಒಂದು ದಾರಿಯನ್ನು ಪೂರ್ತಿಯಾಗಿ ಸರಿಪಡಿಸೋಣ. ಅದು ಮುಗಿದ ಮೇಲೆ ಎರಡನೆಯದು. ದಿನವೂ ಈ ದಾರಿಗಳಲ್ಲಿ ಓಡಾಡುವವರು, ಇವನ್ನು ಕಟ್ಟಿದವರು, ಇದಕ್ಕೆ ಆಕ್ಷೇಪವಿರುವವರು ಎಲ್ಲರೂ ಬರೆಯಬೇಕೆಂದು ಕೋರುತ್ತೇನೆ.

ಗಾಲಿಕುರ್ಚಿ ಬಳಸುವವರು

ನಿಮ್ಮ ಸಲಹೆಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ನೂರು ಮೀಟರ್ ದಾರಿಯಲ್ಲಿ ತೊಂಬತ್ತೊಂಬತ್ತು ಮೀಟರ್ ಚೆನ್ನಾಗಿದ್ದು ಒಂದು ಮೀಟರ್ ಕೆಟ್ಟಿದ್ದರೆ ನನ್ನ ಮಟ್ಟಿಗೆ ಅಲ್ಲಿ ದಾರಿಯೇ ಇಲ್ಲ. ನಡೆಯುವವರು ಆ ಒಂದು ಮೀಟರನ್ನು ದಾಟಿ ಮರೆತುಬಿಡುತ್ತಾರೆ. ನಾನು ಬಂದ ದಾರಿಯಲ್ಲೇ ಹಿಂದಿರುಗಿ ವಾಹನಗಳ ನಡುವೆ ರಸ್ತೆಯಲ್ಲಿ ಸಾಗಬೇಕಾಗುತ್ತದೆ.

ಇಳಿಜಾರುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಟ್ಟಿದವರ ಒಳ್ಳೆಯ ಮನಸ್ಸು ಹೆಚ್ಚಾಗಿ ವ್ಯರ್ಥವಾಗುವುದು ಇಲ್ಲಿಯೇ. ಹಲವು ದೇಶಗಳ ಮಾನದಂಡಗಳು ಒಪ್ಪುವ ಗರಿಷ್ಠ ಇಳಿಜಾರು 1:12, ಅಂದರೆ ಒಂದು ಸೆಂಟಿಮೀಟರ್ ಎತ್ತರಕ್ಕೆ ಹನ್ನೆರಡು ಸೆಂಟಿಮೀಟರ್ ಉದ್ದ. ಅಂಚುಗಲ್ಲು 15 ಸೆಂಟಿಮೀಟರ್ ಎತ್ತರವಿದ್ದರೆ ಇಳಿಜಾರು 1.8 ಮೀಟರ್ ಉದ್ದವಿರಬೇಕು. ಹಳೆಯ ಬೀದಿಯ ಫುಟ್‌ಪಾತು ಹಲವೆಡೆ ಅಷ್ಟು ಅಗಲವೇ ಇರುವುದಿಲ್ಲ. ಹಾಗಾಗಿ ಅರ್ಧ ಮೀಟರಿನಲ್ಲಿ ಸಿಮೆಂಟು ಮೆತ್ತಿ ಇಳಿಜಾರು ಎಂದು ಕರೆಯುತ್ತಾರೆ. ಅಂತಹ ಇಳಿಜಾರಿನಲ್ಲಿ ಏರುವಾಗ ಕುರ್ಚಿ ಹಿಂದಕ್ಕೆ ಮಗುಚುತ್ತದೆ, ಇಳಿಯುವಾಗ ಮುಂದಿನ ಸಣ್ಣ ಗಾಲಿಗಳು ರಸ್ತೆಯಂಚಿನ ಹಳ್ಳಕ್ಕೆ ಕಚ್ಚಿಕೊಂಡು ನನ್ನನ್ನು ಮುಂದಕ್ಕೆ ಎಸೆಯುತ್ತವೆ. ನಾನು ಒಮ್ಮೆ ಹೀಗೆ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದೇನೆ. ಕೈಯಿಂದಲೇ ಕುರ್ಚಿ ತಳ್ಳಿಕೊಳ್ಳುವವರಿಗೆ ಮಣಿಕಟ್ಟು ಮುರಿಯುವುದೆಂದರೆ, ನಡೆಯುವವರಿಗೆ ಕಾಲು ಮುರಿದಂತೆ.

ಕಲ್ಲುಹಾಸಿನ ಬಗ್ಗೆಯೂ ಒಂದು ಮಾತು. ದುಂಡುತಲೆಯ ಕಲ್ಲುಗಳ ಮೇಲೆ ಸಾಗುವಾಗ ಆಗುವ ಅದುರುವಿಕೆಯನ್ನು ಹೊರಗಿನಿಂದ ನೋಡುವವರು ಅಲ್ಪ ಅನಾನುಕೂಲವೆಂದು ತಿಳಿಯುತ್ತಾರೆ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಅದು ಸ್ನಾಯುಗಳ ಸೆಳೆತವನ್ನೇ ತರಬಲ್ಲದು, ನೋವು ಗಂಟೆಗಟ್ಟಲೆ ಉಳಿಯುತ್ತದೆ. ಹಳೆಯ ಕಲ್ಲುಗಳೇ ತಡೆಯಲ್ಲ ಎಂಬ ನಿಮ್ಮ ಮಾತು ಬಹುಪಾಲು ಸರಿ, ಆದರೆ ಪೂರ್ತಿ ಸರಿಯಲ್ಲ. ಕೆಲವು ಕಡೆ ಕಲ್ಲೂ ತಡೆಯೇ.

ಕಟ್ಟಡ ಸಂರಕ್ಷಣೆಯ ಕೆಲಸದಲ್ಲಿರುವವರು

ಹಳೆಯ ಕಲ್ಲನ್ನು ಉಳಿಸುವುದು ನನ್ನ ಕೆಲಸ. ಆದರೂ ಮೇಲಿನ ಎರಡೂ ಬರಹಗಳಿಗೆ ನನ್ನ ಬೆಂಬಲವಿದೆ. ಐತಿಹಾಸಿಕ ಪಟ್ಟಣಗಳ ಸಂರಕ್ಷಣೆಗೆಂದೇ ಸ್ಮಾರಕ ಮತ್ತು ತಾಣಗಳ ಅಂತರರಾಷ್ಟ್ರೀಯ ಮಂಡಳಿಯಾದ ಇಕೊಮಾಸ್ 1987ರಲ್ಲಿ ಒಪ್ಪಿದ ವಾಷಿಂಗ್ಟನ್ ಸನ್ನದು, ಅಲ್ಲಿ ವಾಸಿಸುವವರ ಪಾಲ್ಗೊಳ್ಳುವಿಕೆ ಮತ್ತು ಇಂದಿನ ಬದುಕಿಗೆ ಪಟ್ಟಣ ಹೊಂದಿಕೊಳ್ಳುವುದನ್ನು ಸಂರಕ್ಷಣೆಯ ಭಾಗವೆಂದೇ ಕಾಣುತ್ತದೆ. ಜನರು ಬಿಟ್ಟುಹೋದ ಬೀದಿಯಲ್ಲಿ ಕಲ್ಲು ಉಳಿದರೂ ಪಟ್ಟಣ ಉಳಿಯುವುದಿಲ್ಲ.

ಕಲ್ಲುಹಾಸಿನ ಸಮಸ್ಯೆಗೆ ಪರಿಹಾರವಿದೆ. ನೆದರ್ಲೆಂಡ್ಸ್‌ನ ಬ್ರೆಡಾ ನಗರವು ತನ್ನ ಹಳೆಯ ಮಾರುಕಟ್ಟೆ ಚೌಕದ ಕಲ್ಲುಗಳನ್ನು ಎಬ್ಬಿಸಿ, ಕೊಯ್ದು, ಕೊಯ್ದ ಸಪಾಟು ಮುಖವನ್ನು ಮೇಲೆ ಮಾಡಿ ಮತ್ತೆ ಅಲ್ಲೇ ಹಾಸಿತು. ಕಲ್ಲು ಅದೇ, ಬಣ್ಣ ಅದೇ, ಗಾಲಿಗೆ ದಾರಿ ಮಾತ್ರ ಹೊಸದು. ಯುರೋಪಿಯನ್ ಆಯೋಗವು ಸುಗಮ ಸಂಚಾರದ ನಗರಗಳಿಗೆ ಕೊಡುವ ಪ್ರಶಸ್ತಿ 2019ರಲ್ಲಿ ಬ್ರೆಡಾಕ್ಕೆ ಬಂತು. ಕೊಯ್ದ ಕಲ್ಲಿನ ಮುಖ ನುಣುಪಾದರೆ ಮಳೆಯಲ್ಲಿ ಜಾರುತ್ತದೆ, ಆದ್ದರಿಂದ ಅದನ್ನು ಉಳಿಯಿಂದಲೋ ಜ್ವಾಲೆಯಿಂದಲೋ ಸ್ವಲ್ಪ ಒರಟಾಗಿಸಬೇಕು. ಕಲ್ಲುಗಳ ನಡುವಿನ ಸಂದನ್ನು ಕಿರಿದಾಗಿಟ್ಟು ಮಟ್ಟಕ್ಕೆ ತುಂಬಬೇಕು. ಇಡೀ ಬೀದಿಗೆ ಹೀಗೆ ಮಾಡಬೇಕಿಲ್ಲ. ಒಂದೂವರೆ ಮೀಟರ್ ಅಗಲದ ಒಂದು ಪಟ್ಟಿ ಎಡೆಬಿಡದೆ ಸಾಗಿದರೆ ಸಾಕು, ಉಳಿದ ಕಲ್ಲನ್ನು ಮೊದಲಿದ್ದಂತೆಯೇ ಬಿಡಬಹುದು.

ನನ್ನ ಚಿಂತೆ ಬೇರೆಡೆ ಇದೆ. ಫುಟ್‌ಪಾತನ್ನು ಎತ್ತರಿಸುವಾಗ ಹಳೆಯ ಗೋಡೆಯ ಬುಡವನ್ನು ಯಾರೂ ನೋಡುವುದಿಲ್ಲ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಯು ನೆಲದ ತೇವವನ್ನು ಹೀರಿಕೊಂಡು ಗಾಳಿಗೆ ಬಿಡುತ್ತದೆ, ಅದರ ಆರೋಗ್ಯವೇ ಅದು. ಗೋಡೆಗೆ ತಾಗಿಸಿ ಕಾಂಕ್ರೀಟು ಸುರಿದರೆ ಆ ತೇವ ಹೊರಬರಲು ದಾರಿಯಿಲ್ಲದೆ ಗೋಡೆಯೊಳಗೇ ಮೇಲೇರುತ್ತದೆ. ಕೆಲವೇ ವರ್ಷಗಳಲ್ಲಿ ಗಿಲಾವು ಉದುರಿ ಕಲ್ಲು ಪುಡಿಯಾಗತೊಡಗುತ್ತದೆ. ಗೋಡೆಯ ಬುಡದಲ್ಲಿ ಒಂದು ಗೇಣು ಅಗಲದ ಜಲ್ಲಿಯ ಪಟ್ಟಿ ಬಿಡಿ ಎಂದು ಪ್ರತಿ ಸಲವೂ ಬೇಡಿಕೊಳ್ಳುತ್ತೇನೆ. ನಕ್ಷೆಯಲ್ಲಿ ಒಪ್ಪುತ್ತಾರೆ, ಕೆಲಸ ನಡೆಯುವಾಗ ಅದರ ಮೇಲೂ ಸಿಮೆಂಟು ಬೀಳುತ್ತದೆ.

ಬಿಳಿಕೋಲು ಬಳಸುವವರು

ಎಲ್ಲವನ್ನೂ ಸಪಾಟು ಮಾಡುವ ಉತ್ಸಾಹ ಕಂಡು ನನಗೆ ಸ್ವಲ್ಪ ಭಯವಾಗುತ್ತಿದೆ. ಗಾಲಿಕುರ್ಚಿ ಬಳಸುವವರಿಗೆ ತಡೆಯಾಗುವ ಅಂಚುಗಲ್ಲು, ಫುಟ್‌ಪಾತು ಇಲ್ಲಿಗೆ ಮುಗಿಯಿತು, ಇನ್ನು ಮುಂದೆ ವಾಹನಗಳಿವೆ ಎಂದು ನನಗೆ ಹೇಳುವ ಗುರುತು. ಐತಿಹಾಸಿಕ ಕೇಂದ್ರಗಳಲ್ಲಿ ರಸ್ತೆ ಮತ್ತು ಫುಟ್‌ಪಾತುಗಳನ್ನು ಒಂದೇ ಮಟ್ಟಕ್ಕೆ ತಂದು ಒಂದೇ ಬಗೆಯ ಕಲ್ಲು ಹಾಸುವುದು ನೋಡಲು ಬಹಳ ಚೆಂದವಿರುತ್ತದೆಂದು ಹೇಳುತ್ತಾರೆ. ಅಲ್ಲಿ ನಾನು ಎಲ್ಲಿದ್ದೇನೆಂದೇ ನನಗೆ ತಿಳಿಯುವುದಿಲ್ಲ. ಇಂತಹ ವಿನ್ಯಾಸಗಳ ಬಗ್ಗೆ ದೂರುಗಳು ಹೆಚ್ಚಿದ್ದರಿಂದ ಬ್ರಿಟನ್ ಸರ್ಕಾರ 2018ರಲ್ಲಿ ಒಂದೇ ಮಟ್ಟದ ಹೊಸ ಯೋಜನೆಗಳನ್ನು ಸದ್ಯಕ್ಕೆ ನಿಲ್ಲಿಸುವಂತೆ ಸ್ಥಳೀಯ ಆಡಳಿತಗಳನ್ನು ಕೇಳಿಕೊಂಡಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ 2009ರ ಅಧ್ಯಯನವು, ದೃಷ್ಟಿದೋಷವುಳ್ಳವರಿಗೆ ಅಂಚು ಖಚಿತವಾಗಿ ತಿಳಿಯಬೇಕಾದರೆ ಅದು 6 ಸೆಂಟಿಮೀಟರಾದರೂ ಎತ್ತರವಿರಬೇಕೆಂದು ಕಂಡುಕೊಂಡಿತು.

ಹಾಗಾದರೆ ರಸ್ತೆ ದಾಟುವ ಜಾಗದಲ್ಲಿ ಏನು ಮಾಡಬೇಕು? ಅಲ್ಲಿ ಅಂಚು ಇರಬಾರದು, ನಿಜ. ಅದರ ಬದಲಿಗೆ ಉಬ್ಬುಚುಕ್ಕೆಗಳ ಕಲ್ಲು ಇರಲೇಬೇಕು. ಜಪಾನಿನ ಸೇಯಿಚಿ ಮಿಯಾಕೆ ಎಂಬವರು 1965ರಲ್ಲಿ ರೂಪಿಸಿದ ಈ ಕಲ್ಲನ್ನು 1967ರ ಮಾರ್ಚ್‌ನಲ್ಲಿ ಓಕಯಾಮಾ ನಗರದ ಅಂಧರ ಶಾಲೆಯೊಂದರ ಬಳಿ ಮೊದಲು ಹಾಸಲಾಯಿತು. ಉದ್ದ ಗೆರೆಗಳಿದ್ದರೆ ಈ ದಿಕ್ಕಿಗೆ ಸಾಗಬಹುದು ಎಂದೂ ಚುಕ್ಕೆಗಳಿದ್ದರೆ ಎಚ್ಚರ, ನಿಲ್ಲಬೇಕು ಎಂದೂ ಅರ್ಥ. ಈ ಎರಡು ಅಕ್ಷರಗಳ ಭಾಷೆಯನ್ನು ತಪ್ಪಾಗಿ ಬರೆದರೆ ಬರೆಯದೆ ಇರುವುದಕ್ಕಿಂತ ಅಪಾಯ ಹೆಚ್ಚು. ಗೆರೆಗಳನ್ನು ಅನುಸರಿಸಿ ನಡೆದು ನಾನು ನೇರವಾಗಿ ಕಂಬಕ್ಕೆ ಹಣೆ ಹೊಡೆಸಿಕೊಂಡದ್ದಿದೆ; ಅಲಂಕಾರಕ್ಕೆಂದು ಚುಕ್ಕೆಗಳ ಕಲ್ಲನ್ನು ಅಂಗಳದ ತುಂಬ ಹಾಸಿದ್ದನ್ನೂ ಕಂಡಿದ್ದೇನೆ.

ಸಂರಕ್ಷಣೆಯವರಿಗೆ ಒಂದು ವಿನಂತಿ. ಹಳದಿ ಬಣ್ಣ ಹಳೆಯ ಬೀದಿಗೆ ಒಪ್ಪುವುದಿಲ್ಲವೆಂದು ಬೂದು ಕಲ್ಲಿನ ನಡುವೆ ಬೂದು ಚುಕ್ಕೆಗಳನ್ನೇ ಹಾಕಿಸುತ್ತೀರಿ. ದೃಷ್ಟಿ ಕಡಿಮೆಯಿರುವ ಬಹಳ ಜನರಿಗೆ ಸ್ವಲ್ಪ ಕಾಣುತ್ತದೆ, ಅವರು ಕೋಲಿಗಿಂತ ಹೆಚ್ಚಾಗಿ ಬಣ್ಣದ ವ್ಯತ್ಯಾಸವನ್ನೇ ನಂಬಿ ನಡೆಯುತ್ತಾರೆ. ಹಳದಿಯೇ ಬೇಕೆಂದು ನಾನು ಹಟ ಹಿಡಿಯುವುದಿಲ್ಲ. ತಿಳಿಗಲ್ಲಿನ ನಡುವೆ ಕಡುಗಪ್ಪು ಕಲ್ಲು, ಕಪ್ಪಿನ ನಡುವೆ ಬಿಳಿ, ಯಾವುದಾದರೂ ಸರಿ. ಮಳೆಯಲ್ಲಿ ಒದ್ದೆಯಾದಾಗಲೂ ಆ ವ್ಯತ್ಯಾಸ ಉಳಿಯಬೇಕು.

ಕಟ್ಟಡ ಸಂರಕ್ಷಣೆಯ ಕೆಲಸದಲ್ಲಿರುವವರು

ಬಣ್ಣದ ವಿಷಯದಲ್ಲಿ ತಪ್ಪು ನಮ್ಮದೇ ಎಂದು ಒಪ್ಪುತ್ತೇನೆ. ಬೂದು ಚುಕ್ಕೆಗಳಿಗೆ ನಾನೇ ಸಹಿ ಹಾಕಿದ್ದಿದೆ. ಒಣಗಿದ ಮಾದರಿ ಕಲ್ಲುಗಳನ್ನು ಮೇಜಿನ ಮೇಲಿಟ್ಟು ಆಯ್ಕೆ ಮಾಡುವ ನಾವು ಅವುಗಳ ಮೇಲೆ ನೀರು ಸುರಿದು ನೋಡಿದವರಲ್ಲ. ಮುಂದಿನ ಸಲ ಅವನ್ನು ಬೀದಿಯಲ್ಲಿಟ್ಟು, ನಿಮ್ಮಂಥವರನ್ನು ಕರೆದು, ಸಂಜೆಯ ಬೆಳಕಿನಲ್ಲೂ ನೋಡಿ ಆರಿಸೋಣ.

ನಿವೃತ್ತ ರಸ್ತೆ ಎಂಜಿನಿಯರ್

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರಸ್ತೆ ಮಾಡಿಸಿದವನು ನಾನು. ಆ ಅವಧಿಯಲ್ಲಿ ನಾನೇ ಮಾಡಿದ ಒಂದು ತಪ್ಪಿನಿಂದ ಆರಂಭಿಸುತ್ತೇನೆ. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಪದರ ಹಾಕಿಸುತ್ತಿದ್ದೆವು. ಒಂದೊಂದು ಪದರವೂ ನಾಲ್ಕೈದು ಸೆಂಟಿಮೀಟರ್. ಮೂರು ಸಲ ಹಾಕಿದರೆ ಅಂಚುಗಲ್ಲು ಬಹುತೇಕ ಹೂತುಹೋಗುತ್ತದೆ, ಬೀದಿಯ ನೀರು ಚರಂಡಿಯನ್ನು ಬಿಟ್ಟು ಮನೆಗಳ ಹೊಸ್ತಿಲಿಗೆ ನುಗ್ಗುತ್ತದೆ. ಆಗ ಫುಟ್‌ಪಾತನ್ನೂ ಎತ್ತರಿಸಬೇಕೆಂಬ ಬೇಡಿಕೆ ಬರುತ್ತದೆ. ಸಂರಕ್ಷಣೆಯವರು ಹೇಳಿದ ಗೋಡೆಯ ತೇವದ ಮೂಲ ಹಲವು ಕಡೆ ಇದೇ.

ಇದರಲ್ಲೇ ಪರಿಹಾರವೂ ಇದೆ ಎಂಬುದು ನನಗೆ ತಡವಾಗಿ ಹೊಳೆಯಿತು. ಬಸ್ ನಿಲ್ದಾಣಕ್ಕೆ ಎತ್ತರದ ಅಂಚು ಬೇಕು. ಅದಕ್ಕಾಗಿ ಫುಟ್‌ಪಾತನ್ನು ಏರಿಸುವುದರ ಬದಲು, ನಿಲ್ದಾಣದ ಉದ್ದಕ್ಕೂ ರಸ್ತೆಯ ಪದರಗಳನ್ನು ಕೆರೆದು ಮೊದಲಿನ ಮಟ್ಟಕ್ಕೆ ಇಳಿಸಿದರೆ ಹೂತುಹೋದ ಹಳೆಯ ಅಂಚುಗಲ್ಲು ಮತ್ತೆ ಮೇಲೆ ಕಾಣುತ್ತದೆ. ಹೊಸ ಕಲ್ಲು ಬೇಕಿಲ್ಲ, ಗೋಡೆಯ ಬುಡ ಮುಟ್ಟಬೇಕಿಲ್ಲ, ನೆಲದಡಿಯ ಅವಶೇಷಗಳಿಗೂ ಅಪಾಯವಿಲ್ಲ. ಎಲ್ಲ ಕಡೆಯೂ ಇದು ಸಾಧ್ಯವಾಗಲಾರದು, ಕೊಳವೆಗಳು ಮೇಲ್ಮಟ್ಟದಲ್ಲಿ ಹಾದುಹೋಗಿದ್ದರೆ ಕೆರೆಯಲು ಮಿತಿಯಿದೆ. ಆದರೂ ಮೊದಲು ಯೋಚಿಸಬೇಕಾದದ್ದು ಇದನ್ನೇ.

ಎತ್ತರ ಎಷ್ಟು ಎಂಬುದಕ್ಕೆ ಲೆಕ್ಕ ಹೀಗಿದೆ. ತಗ್ಗುನೆಲದ ಬಸ್ಸಿನ ಒಳನೆಲ ರಸ್ತೆಯಿಂದ ಸುಮಾರು 32 ಸೆಂಟಿಮೀಟರ್ ಇದೆ ಎಂದುಕೊಳ್ಳೋಣ. ಬಾಗಿಲಿನಿಂದ ಹೊರಚಾಚುವ ಹಲಗೆ ಒಂದು ಮೀಟರ್ ಉದ್ದದ್ದಾದರೆ ರಸ್ತೆಯಿಂದ ನೇರವಾಗಿ ಹತ್ತುವವರಿಗೆ ಸುಮಾರು 1:3ರ ಏರು, ಅದನ್ನು ಯಾರೂ ತಾವಾಗಿ ಹತ್ತಲಾರರು. ಅಂಚು 18 ಸೆಂಟಿಮೀಟರ್ ಇದ್ದರೆ ಉಳಿಯುವ ವ್ಯತ್ಯಾಸ 14. ಬಸ್ಸು ನಿಂತಾಗ ಒಂದು ಪಕ್ಕಕ್ಕೆ 6 ಸೆಂಟಿಮೀಟರ್ ಬಾಗುವ ಸೌಲಭ್ಯವಿದ್ದರೆ ಉಳಿಯುವುದು 8, ಅಂದರೆ ಸುಮಾರು 1:12. ಮೂರೂ ಸೇರಿದಾಗ ಮಾತ್ರ ಗಾಲಿಕುರ್ಚಿಯವರು ಇನ್ನೊಬ್ಬರ ಕೈ ಹಿಡಿಯದೆ ಒಳಗೆ ಹೋಗಬಲ್ಲರು. ಬಸ್ಸಿನ ಒಳನೆಲವೇ 90 ಸೆಂಟಿಮೀಟರ್ ಎತ್ತರವಿದ್ದರೆ ನಾವು ಎಂತಹ ಅಂಚು ಕಟ್ಟಿದರೂ ಪ್ರಯೋಜನವಿಲ್ಲ. ಬಸ್ ಖರೀದಿಸುವವರೂ ರಸ್ತೆ ಮಾಡುವವರೂ ಒಂದೇ ಕೋಣೆಯಲ್ಲಿ ಕುಳಿತು ಮಾತನಾಡುವುದು ಇದಕ್ಕಾಗಿ ಅಗತ್ಯ.

ಕಿರಿದಾದ ಫುಟ್‌ಪಾತಿನಲ್ಲಿ 1.8 ಮೀಟರ್ ಇಳಿಜಾರು ಹಿಡಿಸುವುದಿಲ್ಲ ಎಂದು ಮೇಲೆ ಬರೆದವರಿಗೆ ಉತ್ತರ ಎರಡು. ಮೊದಲನೆಯದು, ರಸ್ತೆಯ ಕಡೆಗೆ ಇಳಿಸುವ ಬದಲು ಬೀದಿಯುದ್ದಕ್ಕೆ ಎರಡೂ ಕಡೆಯಿಂದ ಇಳಿಸಿ, ಮೂಲೆಯ ಇಡೀ ಫುಟ್‌ಪಾತನ್ನು ರಸ್ತೆಯ ಮಟ್ಟಕ್ಕೆ ತರುವುದು. ಎರಡನೆಯದು, ದಾಟುವ ಜಾಗದಲ್ಲಿ ರಸ್ತೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಏರಿಸುವುದು. ನನ್ನ ಒಲವು ಎರಡನೆಯದರ ಕಡೆಗೆ, ಏಕೆಂದರೆ ಅಲ್ಲಿ ಇಳಿದು ಏರುವ ಕೆಲಸ ಪಾದಚಾರಿಗೆ ಇಲ್ಲ, ವಾಹನಕ್ಕೆ ಇದೆ. ವಾಹನದ ವೇಗವೂ ತಾನಾಗಿ ತಗ್ಗುತ್ತದೆ. ಆದರೆ ಏರಿಸಿದ ಭಾಗವು ರಸ್ತೆಯಂಚಿನ ನೀರಿಗೆ ಅಣೆಕಟ್ಟಾಗದಂತೆ ಅಡಿಯಲ್ಲಿ ಕೊಳವೆ ಬಿಡಬೇಕು, ಮೇಲೆ ಜಾಲರಿ ಹಾಕಿದರೆ ಅದರ ಕಂಡಿ ಒಂದು ಸೆಂಟಿಮೀಟರಿಗಿಂತ ಬಹಳ ಅಗಲವಿರಬಾರದು ಮತ್ತು ನಡಿಗೆಯ ದಿಕ್ಕಿಗೆ ಅಡ್ಡವಾಗಿರಬೇಕು. ಉದ್ದುದ್ದ ಕಂಡಿಯಿದ್ದರೆ ಗಾಲಿಯೂ ಕೋಲೂ ಅದರೊಳಗೆ ಇಳಿಯುತ್ತವೆ.

ಬಸ್ ಚಾಲಕರು

ನಾನು ಓಡಿಸುವ ಬಸ್ಸಿಗೆ ಹಲಗೆಯೂ ಇದೆ, ಬಾಗುವ ಸೌಲಭ್ಯವೂ ಇದೆ. ಆದರೂ ದಿನಕ್ಕೆ ಹಲವು ಸಲ ನಾನು ರಸ್ತೆಯ ನಡುವೆಯೇ ನಿಲ್ಲಿಸುತ್ತೇನೆ. ಪ್ರಯಾಣಿಕರು ಅದಕ್ಕೆ ಬೈಯುತ್ತಾರೆ, ಅವರ ಸಿಟ್ಟು ನ್ಯಾಯವಾದದ್ದೇ. ಕಾರಣವನ್ನು ಇಲ್ಲಿ ಬರೆಯುತ್ತೇನೆ. ಹನ್ನೆರಡು ಮೀಟರ್ ಉದ್ದದ ಬಸ್ಸನ್ನು ಅಂಚುಗಲ್ಲಿಗೆ ನೇರವಾಗಿ ತಾಗಿಸಿ ನಿಲ್ಲಿಸಬೇಕಾದರೆ ಒಳಗೆ ತಿರುಗಿಸಿ ನೇರಮಾಡಲು ಅದರ ಎರಡರಷ್ಟಕ್ಕಿಂತ ಹೆಚ್ಚು ಉದ್ದದ ಖಾಲಿ ಜಾಗ ಬೇಕು. ನಿಲ್ದಾಣದ ಹಿಂದೆ ಮುಂದೆ ವಾಹನಗಳು ನಿಂತಿದ್ದರೆ ಮೂತಿ ಮಾತ್ರ ಒಳಗೆ ಹೋಗುತ್ತದೆ, ಬಾಲ ಹೊರಗೆ ಉಳಿಯುತ್ತದೆ. ಅಂಚಿಗೂ ಬಾಗಿಲಿಗೂ ನಡುವೆ ಅರ್ಧ ಮೀಟರ್ ಕಂದಕ ಬಿದ್ದ ಮೇಲೆ ಎಂಜಿನಿಯರ್ ಸರ್ ಹೇಳಿದ ಲೆಕ್ಕವೆಲ್ಲ ವ್ಯರ್ಥ.

ಬಸ್ಸು ಒಳಗೆ ತಿರುಗುವುದನ್ನೇ ತಪ್ಪಿಸುವ ಉಪಾಯವೊಂದಿದೆ. ಫುಟ್‌ಪಾತನ್ನೇ ನಿಲ್ದಾಣದ ಜಾಗದಲ್ಲಿ ರಸ್ತೆಯ ಕಡೆಗೆ ಹೊರಚಾಚಿಸಿದರೆ ಬಸ್ಸು ತನ್ನ ಸಾಲಿನಲ್ಲೇ ನೇರವಾಗಿ ಬಂದು ನಿಲ್ಲುತ್ತದೆ, ನೇರವಾಗಿ ಹೊರಡುತ್ತದೆ. ಅದರ ಮುಂದೆ ಯಾರೂ ವಾಹನ ನಿಲ್ಲಿಸಲಾರರು. ಅಂಚುಗಲ್ಲಿಗೆ ಜರ್ಮನಿಯ ಕಾಸೆಲ್ ನಗರದ ಹೆಸರು ಹೊತ್ತ ಒಂದು ವಿಶೇಷ ಆಕಾರವೂ ಇದೆ. ಅದರ ರಸ್ತೆಮುಖ ಒಳಬಾಗಿರುವುದರಿಂದ ಚಕ್ರವು ಅದಕ್ಕೆ ಒರಗಿಕೊಂಡು ಸಾಗಬಹುದು, ಟಯರಿನ ಪಕ್ಕ ಹರಿಯುವ ಭಯವಿಲ್ಲ. ಸಾಮಾನ್ಯ ಕಲ್ಲಿಗೆ ಹತ್ತಿರ ಹೋಗಲು ಚಾಲಕರು ಹೆದರುವುದು ಟಯರಿಗಾಗಿಯೇ.

ಹಳೆಯ ಬೀದಿಯಲ್ಲಿ ಇನ್ನೂ ಒಂದು ತೊಂದರೆಯಿದೆ. ಮುಂದಕ್ಕೆ ಚಾಚಿದ ಮಾಳಿಗೆ, ಬೋರ್ಡು, ತಂತಿಯ ಗೂಟ ಇವು ಕನ್ನಡಿಗೆ ತಾಗುವಂತಿದ್ದರೆ ಚಾಲಕರು ದೂರವೇ ನಿಲ್ಲಿಸುತ್ತಾರೆ. ನಿಲ್ದಾಣದ ಜಾಗ ಆರಿಸುವ ದಿನ ದಯವಿಟ್ಟು ಒಂದು ಖಾಲಿ ಬಸ್ಸನ್ನು ತಂದು ನಿಲ್ಲಿಸಿ ನೋಡಿ.

ಗಾಲಿಕುರ್ಚಿ ಬಳಸುವವರು

ಚಾಲಕರು ಬರೆದದ್ದಕ್ಕೆ ಧನ್ಯವಾದಗಳು. ನಿಮ್ಮನ್ನು ನಾನೂ ಬೈದವನೇ ಇರಬಹುದು. ಫುಟ್‌ಪಾತನ್ನು ಹೊರಚಾಚಿಸುವುದರಿಂದ ಇನ್ನೊಂದು ಲಾಭವಿದೆ. ಅಮೆರಿಕದ ಮಾನದಂಡದ ಪ್ರಕಾರ ಬಸ್ಸಿನ ಬಾಗಿಲೆದುರು ಅಂಚಿನಿಂದ ಒಳಕ್ಕೆ ಸುಮಾರು 2.44 ಮೀಟರ್ ಮತ್ತು ಬೀದಿಯುದ್ದಕ್ಕೆ 1.5 ಮೀಟರಿಗೆ ತುಸು ಹೆಚ್ಚಿನ ಗಟ್ಟಿಯಾದ ಸಪಾಟು ಜಾಗ ಬೇಕು, ಏಕೆಂದರೆ ಹಲಗೆಯಿಂದ ಇಳಿದ ಕುರ್ಚಿ ಅಲ್ಲಿ ತಿರುಗಬೇಕು. ಹಳೆಯ ಬೀದಿಯ ಫುಟ್‌ಪಾತಿನಲ್ಲಿ ಅಷ್ಟು ಒಳಜಾಗ ಸಿಗುವುದು ಕಷ್ಟ, ಚಾಚಿದರೆ ಸಿಗುತ್ತದೆ. ತಂಗುದಾಣದ ಮಾಡಿನಡಿಯಲ್ಲೂ ಒಂದು ಕುರ್ಚಿಯ ಜಾಗವನ್ನು ಖಾಲಿ ಬಿಡಬೇಕು. ಬೆಂಚು ಗೋಡೆಯಿಂದ ಗೋಡೆಗೆ ಹಾಕಿದರೆ ಮಳೆಯಲ್ಲಿ ನೆನೆಯುವವನು ನಾನೊಬ್ಬನೇ.

ಹಳೆಯ ಮನೆಯ ಮಾಲೀಕರು

ಇಲ್ಲಿಯವರೆಗೆ ಬರೆದ ಯಾರೂ ಬೀದಿಗೆ ಮುಖಮಾಡಿದ ಹಳೆಯ ಮನೆಯಲ್ಲಿ ವಾಸಿಸುವವರಂತೆ ತೋರುವುದಿಲ್ಲ. ನಮ್ಮ ಮನೆಯ ಮೂರು ಕಲ್ಲಿನ ಮೆಟ್ಟಿಲುಗಳು ಫುಟ್‌ಪಾತಿಗೆ ಚಾಚಿಕೊಂಡಿವೆ. ಅವು ಮನೆ ಕಟ್ಟಿದಾಗಲೇ ಇದ್ದವು, ಅತಿಕ್ರಮಣವಲ್ಲ. ಅವನ್ನು ಒಡೆಯಬೇಕೆಂಬ ನೋಟಿಸು ಒಮ್ಮೆ ಬಂದಿತ್ತು, ಅದೇ ಮೆಟ್ಟಿಲುಗಳನ್ನು ಬದಲಿಸಬಾರದು ಎಂಬ ಇನ್ನೊಂದು ಪತ್ರವೂ ನಮ್ಮ ಬಳಿ ಇದೆ. ಮನೆಯ ಮುಂದೆ ವಾಹನ ನಿಲ್ಲಿಸುವ ಜಾಗವನ್ನೂ ಈಗ ಬಸ್ಸಿಗಾಗಿ ಬಿಡಬೇಕೆನ್ನುತ್ತೀರಿ. ನಾನು ಯಾರ ವಿರೋಧಿಯೂ ಅಲ್ಲ, ನನ್ನ ಪತ್ನಿಗೂ ಮಂಡಿನೋವಿದೆ. ಆದರೆ ಪ್ರತಿ ಸುಧಾರಣೆಯ ಭಾರವೂ ಬೀದಿಬದಿಯ ಮನೆಗಳ ಮೇಲೆಯೇ ಬೀಳುವುದು ಸರಿಯೇ?

ಚರ್ಚೆ ಆರಂಭಿಸಿದವರು

ಸರ್, ನಿಮ್ಮ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮನೆಯೊಡನೆಯೇ ಹುಟ್ಟಿದ ಮೆಟ್ಟಿಲನ್ನು ಒಡೆಯಬಾರದು ಎಂಬುದೇ ನನ್ನ ಅಭಿಪ್ರಾಯ. ಮೆಟ್ಟಿಲು ಇರುವಲ್ಲಿ ನಡೆಯುವ ಪಟ್ಟಿಯನ್ನು ರಸ್ತೆಯ ಕಡೆಗೆ ಸರಿಸಿ ಅದರ ಸುತ್ತ ಹಾಯಿಸಬಹುದು. ಕೋಲು ಬಳಸುವವರಿಗೆ ಮೆಟ್ಟಿಲಿನ ಪಕ್ಕ ಮೊದಲೇ ತಿಳಿಯುವಂತೆ ಬುಡದಲ್ಲಿ ಒಂದು ತಗ್ಗು ಕಟ್ಟೆಯಿದ್ದರೆ ಸಾಕು. ಇಂಗ್ಲೆಂಡಿನ ಚೆಸ್ಟರ್ ಪಟ್ಟಣದಲ್ಲಿ ಬೀದಿಯಿಂದ ಒಂದು ಮಹಡಿ ಮೇಲೆ ಮಧ್ಯಯುಗದ ಮೊಗಸಾಲೆಗಳ ಸಾಲುಗಳಿವೆ. ಅವನ್ನು ಕೆಡವದೆ, ಮೆಟ್ಟಿಲಿಲ್ಲದೆ ತಲುಪುವ ದಾರಿಗಳನ್ನು ಆಯ್ದ ಕಡೆಗಳಲ್ಲಿ ಸೇರಿಸಿದ್ದಾರೆ. ಬ್ರೆಡಾಕ್ಕಿಂತ ಎರಡು ವರ್ಷ ಮೊದಲು, 2017ರಲ್ಲಿ, ಅದೇ ಪ್ರಶಸ್ತಿ ಆ ಪಟ್ಟಣಕ್ಕೆ ಸಂದಿತ್ತು.

ವಾಹನದ ವಿಷಯದಲ್ಲಿ ಮಾತ್ರ ನಾನು ನಿಮ್ಮೊಡನೆ ಒಪ್ಪಲಾರೆ. ಮೆಟ್ಟಿಲು ಪರಂಪರೆ, ಫುಟ್‌ಪಾತಿನ ಮೇಲೇರಿದ ವಾಹನ ಪರಂಪರೆಯಲ್ಲ. ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಎಡಿನ್‌ಬರೋ ನಗರವು 2024ರ ಜನವರಿಯಿಂದ ಫುಟ್‌ಪಾತಿನ ಮೇಲೆ ವಾಹನ ನಿಲ್ಲಿಸುವುದನ್ನೂ ದಾಟಲೆಂದು ತಗ್ಗಿಸಿದ ಅಂಚಿನೆದುರು ನಿಲ್ಲಿಸುವುದನ್ನೂ ನಿಷೇಧಿಸಿ ದಂಡ ವಿಧಿಸುತ್ತಿದೆ. ಅಲ್ಲಿಯ ಬೀದಿಗಳೂ ಇಕ್ಕಟ್ಟಾದವೇ. ಸಾಮಾನು ಇಳಿಸಲು, ರೋಗಿಯನ್ನು ಕರೆದೊಯ್ಯಲು ಗೊತ್ತಾದ ಜಾಗ ಗುರುತಿಸಿಕೊಡುವುದು ಆಡಳಿತದ ಕರ್ತವ್ಯ, ಅದನ್ನು ನಿಮ್ಮ ಪರವಾಗಿ ನಾವೂ ಕೇಳುತ್ತೇವೆ. ಒಂದೇ ಮೆಟ್ಟಿಲಿನ ಬಗ್ಗೆ ಎರಡು ವಿರುದ್ಧ ಪತ್ರಗಳು ಬಂದಿರುವ ಸಂಗತಿಯನ್ನು, ಈ ಚರ್ಚೆಯ ನಂತರ ಆಡಳಿತಕ್ಕೆ ಕೊಡಲಿರುವ ನಮ್ಮ ಮನವಿಯಲ್ಲಿ ಸೇರಿಸಲು ನಿಮ್ಮ ಒಪ್ಪಿಗೆ ಬೇಕು.

ಹಳೆಯ ಮನೆಯ ಮಾಲೀಕರು

ಹೆಸರು ಹಾಕದೆ ಸೇರಿಸುವುದಾದರೆ ನನ್ನ ಒಪ್ಪಿಗೆ ಇದೆ. ಮೆಟ್ಟಿಲಿಗೆ ಕೈಹಿಡಿಕೆ ಹಾಕಿಸಲು ಅನುಮತಿ ಸಿಗುವಂತೆ ಅದೇ ಮನವಿಯಲ್ಲಿ ಬರೆದರೆ ಉಪಕಾರವಾಗುತ್ತದೆ. ಅದಕ್ಕೂ ಕೇಳಿ ಸಾಕಾಗಿದೆ.

ನಿವೃತ್ತ ರಸ್ತೆ ಎಂಜಿನಿಯರ್

ಹಣವಿಲ್ಲ ಎಂಬ ಉತ್ತರ ಖಂಡಿತ ಬರುತ್ತದೆ, ಆದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಸ್ಯಾಕ್ರಮೆಂಟೊ ನಗರದ ಮೇಲೆ ಅಂಗವಿಕಲ ನಾಗರಿಕರು ಹೂಡಿದ ಮೊಕದ್ದಮೆಯಲ್ಲಿ, ಫುಟ್‌ಪಾತು ಕೂಡ ನಗರಾಡಳಿತ ಕೊಡುವ ಸೇವೆಯೇ, ಅದನ್ನು ಎಲ್ಲರೂ ಬಳಸುವಂತಿಡುವುದು ಕಾನೂನಿನ ಬಾಧ್ಯತೆ ಎಂದು ಮೇಲ್ಮನವಿ ನ್ಯಾಯಾಲಯ 2002ರಲ್ಲಿ ತೀರ್ಪು ಕೊಟ್ಟಿತು. ಬಳಿಕ ಆದ ರಾಜಿಯಲ್ಲಿ ನಗರವು ತನ್ನ ಸಾರಿಗೆ ನಿಧಿಯ ಶೇ. 20ರಷ್ಟನ್ನು ಮೂವತ್ತು ವರ್ಷಗಳವರೆಗೆ ಇದಕ್ಕಾಗಿ ತೆಗೆದಿಡಲು ಒಪ್ಪಿತು. ಪ್ರತಿ ವರ್ಷ ತಪ್ಪದೆ ಬರುವ ಒಂದು ಪಾಲು, ಒಮ್ಮೆ ಬಂದು ಹೋಗುವ ದೊಡ್ಡ ಅನುದಾನಕ್ಕಿಂತ ಮೇಲು ಎಂಬುದು ನನ್ನ ಅನುಭವ. ದೊಡ್ಡ ಅನುದಾನ ಬಂದ ವರ್ಷ ಅವಸರದಲ್ಲಿ ಕಟ್ಟುತ್ತೇವೆ, ಮುಂದಿನ ವರ್ಷ ಮುರಿದ ಚಪ್ಪಡಿ ಬದಲಿಸಲು ಯಾರ ಬಳಿಯೂ ಹಣವಿರುವುದಿಲ್ಲ.

ರಸ್ತೆಯನ್ನು ಹೇಗೂ ಅಗೆಯುವ ದಿನವೇ ಈ ಕೆಲಸ ಮಾಡಿಸಿದರೆ ವೆಚ್ಚ ಬಹಳ ಕಡಿಮೆಯಾಗುತ್ತದೆ. ನೀರಿನ ಕೊಳವೆಯವರು, ಕೇಬಲ್ಲಿನವರು ಅಗೆದ ಕಡೆ ಮೊದಲಿದ್ದ ತಪ್ಪನ್ನೇ ಮತ್ತೆ ಕಟ್ಟಿ ಹೋಗದಂತೆ, ಅನುಮತಿ ಪತ್ರದಲ್ಲೇ ಷರತ್ತು ಹಾಕಬೇಕು. ಅಗೆತ ನಡೆಯುವಾಗಿನ ತಾತ್ಕಾಲಿಕ ದಾರಿಗೂ ಇದೇ ನಿಯಮ ಅನ್ವಯಿಸಬೇಕು. ಹಗ್ಗ ಕಟ್ಟಿ ಬಿಡುವುದರಿಂದ ಬಿಳಿಕೋಲಿನವರಿಗೆ ರಕ್ಷಣೆ ಸಿಗುವುದಿಲ್ಲ, ಕೋಲು ಹಗ್ಗದ ಅಡಿಯಲ್ಲೇ ಹಾದುಹೋಗುತ್ತದೆ.

ಬಿಳಿಕೋಲು ಬಳಸುವವರು

ಹಗ್ಗದ ಮಾತು ಎತ್ತಿದ್ದಕ್ಕೆ ಧನ್ಯವಾದಗಳು. ಅದೇ ಕಾರಣಕ್ಕೆ ಗೋಡೆಯಿಂದ ಸೊಂಟದ ಎತ್ತರದಲ್ಲಿ ಚಾಚಿದ ಪೆಟ್ಟಿಗೆಗಳೂ ನಮಗೆ ಕಾಣದ ಶತ್ರುಗಳು.

ನಿಲ್ದಾಣದ ಬಗ್ಗೆ ನನ್ನ ಬೇಡಿಕೆ ಒಂದೇ. ನಿಲ್ದಾಣದ ಕಂಬ ಎಲ್ಲ ಕಡೆಯೂ ಬಸ್ಸಿನ ಮುಂಬಾಗಿಲು ನಿಲ್ಲುವ ಜಾಗದಲ್ಲೇ ಇರಲಿ, ಅಲ್ಲಿಂದ ಗೋಡೆಯವರೆಗೆ ಅಡ್ಡಲಾಗಿ ಒಂದು ಸ್ಪರ್ಶಪಟ್ಟಿ ಇರಲಿ. ಗೋಡೆ ಹಿಡಿದು ನಡೆದು ಬರುವ ನನಗೆ ಆ ಪಟ್ಟಿ ಕಾಲಿಗೆ ತಾಗಿದರೆ, ತಿರುಗಿ ಕೆಲವು ಹೆಜ್ಜೆ ನಡೆದು ಕಂಬವನ್ನು ಮುಟ್ಟಬಲ್ಲೆ, ಬಾಗಿಲು ಅಲ್ಲೇ ತೆರೆಯುತ್ತದೆಂದು ನಂಬಿ ನಿಲ್ಲಬಲ್ಲೆ. ಬಸ್ಸಿನ ಸಂಖ್ಯೆಯನ್ನು ಹೊರಗೆ ಕೇಳುವಂತೆ ಯಂತ್ರ ಹೇಳಿದರೆ ಇನ್ನೂ ಒಳ್ಳೆಯದು, ಅದಿಲ್ಲದ ಕಡೆ ಚಾಲಕರು ಬಾಯಿಬಿಟ್ಟು ಹೇಳಿದರೂ ಆದೀತು.

ಬಸ್ ಚಾಲಕರು

ಬಿಳಿಕೋಲು ಕಂಡರೆ ನಾನು ಸಂಖ್ಯೆಯನ್ನೂ ಊರನ್ನೂ ಕೂಗಿ ಹೇಳುತ್ತೇನೆ. ತರಬೇತಿಯಲ್ಲಿ ಇದನ್ನು ಯಾರೂ ಕಲಿಸಿದ್ದಲ್ಲ, ಒಬ್ಬ ಪ್ರಯಾಣಿಕರು ತಪ್ಪು ಬಸ್ಸು ಹತ್ತಿ ಕೊನೆಯ ನಿಲ್ದಾಣದಲ್ಲಿ ಕಂಗಾಲಾಗಿ ಕುಳಿತಿದ್ದನ್ನು ಕಂಡ ಮೇಲೆ ರೂಢಿಸಿಕೊಂಡದ್ದು. ಇದನ್ನು ತರಬೇತಿಗೆ ಸೇರಿಸುವಂತೆ ನಮ್ಮ ಕಡೆಯಿಂದಲೂ ಬರೆದುಕೊಡುತ್ತೇವೆ.

ಚರ್ಚೆ ಆರಂಭಿಸಿದವರು

ಎಲ್ಲರ ಮಾತು ಕೇಳಿದ ಮೇಲೆ ನನ್ನ ಮೊದಲ ಸಲಹೆಯನ್ನು ಸ್ವಲ್ಪ ಬದಲಿಸುತ್ತಿದ್ದೇನೆ. ಒಂದೇ ದಾರಿಯನ್ನು ಪೂರ್ತಿ ಮಾಡುವುದು ಹಾಗೆಯೇ ಇರಲಿ, ಆದರೆ ಅದರಲ್ಲಿ ಕಟ್ಟುವುದಕ್ಕಿಂತ ಮೊದಲು ತೆಗೆಯುವ ಕೆಲಸ ಮುಗಿಯಲಿ. ಕಂಬ, ಪೆಟ್ಟಿಗೆ, ವಾಹನ, ಹೆಚ್ಚಾದ ಡಾಂಬರು ಇವಿಷ್ಟನ್ನು ತೆಗೆದ ಮೇಲೆ ಉಳಿದ ಬೀದಿಯನ್ನು ಅಳೆದರೆ, ನಿಜವಾಗಿ ಹೊಸದಾಗಿ ಕಟ್ಟಬೇಕಾದದ್ದು ನಾವು ಅಂದುಕೊಂಡದ್ದಕ್ಕಿಂತ ಕಡಿಮೆಯಿರುತ್ತದೆ ಎಂದು ನನಗೆ ಅನ್ನಿಸುತ್ತಿದೆ. ನಕ್ಷೆ ತಯಾರಾಗುವ ಮೊದಲೇ ಗಾಲಿಕುರ್ಚಿಯವರು, ಬಿಳಿಕೋಲಿನವರು, ಚಾಲಕರು, ಸಂರಕ್ಷಣೆಯವರು ಮತ್ತು ಬೀದಿಯ ಮನೆಯವರು ಒಟ್ಟಾಗಿ ಆ ದಾರಿಯಲ್ಲಿ ನಡೆಯಬೇಕು. ದಿನವನ್ನು ನೀವೇ ಸೂಚಿಸಿ.

ನಿವೃತ್ತ ರಸ್ತೆ ಎಂಜಿನಿಯರ್

ದೊಡ್ಡ ಮಳೆ ಬಂದ ಮರುದಿನ ಬೆಳಿಗ್ಗೆ ಇಟ್ಟುಕೊಳ್ಳಿ. ನೀರು ಎಲ್ಲೆಲ್ಲಿ ನಿಂತಿದೆಯೋ ಅಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕುತ್ತ ಹೋಗೋಣ. ಇಳಿಜಾರಿನ ಬುಡದಲ್ಲಿ, ನಿಲ್ದಾಣದ ಬಾಗಿಲಿನೆದುರು, ಗೋಡೆಯ ಅಡಿಯಲ್ಲಿ ನಮ್ಮ ಉಪಕರಣಗಳಿಗೆ ತಪ್ಪಿಹೋಗುವ ಮಟ್ಟದ ದೋಷವನ್ನು ನಿಂತ ನೀರು ತೋರಿಸಿಕೊಡುತ್ತದೆ. ಅಳತೆಯ ಟೇಪು ಮತ್ತು ಸ್ಪಿರಿಟ್ ಲೆವೆಲ್ ನಾನು ತರುತ್ತೇನೆ.